ಟೋಪಿ ತೆಗೆಯದ ಕೇಕು

ಹಿಟ್ಟಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಒಂದು ಊರಿತ್ತಂತೆ. ಊರಿಗೆಲ್ಲ ಒಂದೇ ಒಲೆ. ಒಲೆಯ ಪಕ್ಕದಲ್ಲಿ ಒಬ್ಬ ಮುದುಕಿ. ಅವಳ ಮನೆಯಲ್ಲಿ ಮೂರು ಹೊತ್ತೂ ಘಮಘಮ, ತಟ್ಟೆಯಲ್ಲಿ ಮಾತ್ರ ಚೂರುಪಾರು. ಒಂದು ದಿನ ರಾಜ ಬಂದು, "ಮುದುಕೀ, ನಿನ್ನ ಜಾಗ ನನಗೆ ಬೇಕು," ಅಂದನಂತೆ. ಮುದುಕಿ ಇಲ್ಲ ಅನ್ನಲಿಲ್ಲ. "ಕೊಡ್ತೀನಿ. ಅದಕ್ಕೆ ಮುಂಚೆ ನನಗೊಂದು ಕೆಲಸ ಮಾಡಿಕೊಡು," ಅಂದಳಂತೆ.

ಈ ಕಥೆಯನ್ನು ಅಜ್ಜಿ ನನಗೆ ಚಿಕ್ಕಂದಿನಲ್ಲಿ ಹೇಳಿದ್ದಲ್ಲ. ಹೋದ ಡಿಸೆಂಬರಿನಲ್ಲಿ, ತನ್ನ ಕೋಣೆಯ ಬೆಚ್ಚಗಿನ ಗೋಡೆಗೆ ಬೆನ್ನು ಕೊಟ್ಟುಕೊಂಡು, ಕೇಕಿನ ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತ ಹೇಳಿದ್ದು. ರಾಜ ಯಾರು ಅಂತ ನಾನು ಕೇಳಲಿಲ್ಲ. ರಾಜ ಗೋಡೆಯ ಆಚೆ ಬನಿಯನ್ ಹಾಕಿಕೊಂಡು ಮೊಟ್ಟೆ ಒಡೆಯುತ್ತಿದ್ದ.

ನಮ್ಮದು ಬೇಕರಿಯ ಮನೆ. ಬೀದಿಗೆ ಅಂಗಡಿ, ನಡುವೆ ಒಲೆಮನೆ, ಅದರ ಹಿಂದೆ ನಾವು. ಅಪ್ಪ ಬೇಯಿಸುತ್ತಾನೆ, ಅಮ್ಮ ಬೆಂದ ಕೇಕುಗಳನ್ನು ಸಮ ಮಾಡಿ ಮೇಲೆ ಬಿಳಿ ಸಕ್ಕರೆಯ ಹೊದಿಕೆ ಹಾಕುತ್ತಾಳೆ, ಅಣ್ಣ ಗಲ್ಲಾದಲ್ಲಿ ಕೂರುತ್ತಾನೆ, ನಾನು ಕೇಕಿನ ಮೇಲೆ ಗಿರಾಕಿಗಳು ಹೇಳಿದ್ದನ್ನು ಬರೆಯುತ್ತೇನೆ. ಬರೆಯಲು ಹಿಸುಕುವ ಕಾಗದದ ಕೋನಿನ ತುದಿಯಿಂದ ಕೆಂಪು ಸಕ್ಕರೆ ಜಾರುವಾಗ ನಾನು ಆ ಮನೆಗಳೊಳಗೆಲ್ಲ ಹೋಗಿ ಬರುತ್ತೇನೆ. 'ಪ್ರೀತಿಯ ಮಾವನವರಿಗೆ' ಅಂತ ಬರೆಸಿದ ಮನೆಯಲ್ಲಿ ಆ ಮಾವನವರಿಗೆ ಪ್ರೀತಿ ನಿಜವಾಗಿ ಸಿಗುತ್ತದೋ ಇಲ್ಲವೋ ಅಂತ ಯೋಚಿಸುತ್ತ ಕಾಗುಣಿತ ತಪ್ಪುತ್ತೇನೆ. "ಇವಳು ಇಲ್ಲೇ ಇದ್ದಾಳೆ, ತಲೆ ಮಾತ್ರ ಪಕ್ಕದ ಬೀದೀಲಿದೆ," ಅಂತ ಅಮ್ಮ ಹೇಳುವುದು ಅದಕ್ಕೇ.

ಅಜ್ಜಿಯ ಕೋಣೆಗೂ ಒಲೆಗೂ ನಡುವೆ ಒಂದೇ ಗೋಡೆ. ಎಲ್ಲರಿಗೂ ಚಳಿ ಹಿಡಿದಾಗ ಆ ಗೋಡೆ ಹೊಸದಾಗಿ ಒಗೆದು ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಬೆಚ್ಚಗಿರುತ್ತದೆ. ಅಂಗಡಿಯನ್ನು ಶುರು ಮಾಡಿದವಳು ಅವಳೇ. ಮೊಣಕಾಲು ಕೈಕೊಟ್ಟ ಮೇಲೆ ಒಲೆಯನ್ನು ಅಪ್ಪನಿಗೆ ಬಿಟ್ಟುಕೊಟ್ಟು, ಗೋಡೆಯನ್ನು ತನಗೆ ಇಟ್ಟುಕೊಂಡಳು.

ಇನ್ನೊಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕೇಕು ಒಲೆಯಲ್ಲಿ ಉಬ್ಬಿದಾಗ ಅದರ ನೆತ್ತಿ ಗುಡ್ಡವಾಗುತ್ತದೆ. ಗುಡ್ಡದ ಮೇಲೆ ಹೊದಿಕೆ ಸರಿಯಾಗಿ ಕೂರುವುದಿಲ್ಲ. ಉದ್ದನೆಯ ಚಾಕುವಿನಿಂದ ಆ ನೆತ್ತಿಯನ್ನು ಸವರಿ ತೆಗೆಯಬೇಕು. ಹಾಗೆ ತೆಗೆದದ್ದಕ್ಕೆ ನಮ್ಮ ಮನೆಯಲ್ಲಿ ಟೋಪಿ ಅನ್ನುತ್ತಾರೆ. ಕೇಕು ಗಿರಾಕಿಗೆ, ಟೋಪಿ ಮನೆಗೆ. ನಾನು ಹುಟ್ಟಿದ ಮೇಲೆ ನಮ್ಮ ಊಟದ ಮೇಜಿನ ಮೇಲೆ ಟೋಪಿಯಲ್ಲದೆ ಕೇಕು ಕಂಡಿಲ್ಲ. ಕ್ರಿಸ್ಮಸ್ ದಿನವೂ ಅಷ್ಟೆ. ಊರಿಗೆಲ್ಲ ಹಬ್ಬ ಹಂಚಿ, ಊದಿದ ಕಾಲನ್ನು ಉಪ್ಪುನೀರಿನ ಬಕೆಟ್ಟಿನಲ್ಲಿ ಅದ್ದಿಕೊಂಡು ಕೂತು, ಟೋಪಿ ತಿನ್ನುವುದಕ್ಕೆ ನಾವು ಹಬ್ಬ ಅನ್ನುತ್ತಿದ್ದೆವು. ನಕ್ಷತ್ರದ ದೀಪ ಅಂಗಡಿಯ ಮುಂದೆ ತೂಗುತ್ತಿತ್ತು. ಮನೆಯ ಬಾಗಿಲಿಗೆ ತೂಗುಹಾಕಲು ಏಣಿ ಯಾವತ್ತೂ ಬಿಡುವಾಗಿರಲಿಲ್ಲ.

ಈ ವರ್ಷ ಹೊಸದಾಗಿ ಬಂದ ಅತ್ತಿಗೆಗೆ ಇದು ಹಿಡಿಸಲಿಲ್ಲ. ಮೊದಲ ದಿನ ತಟ್ಟೆಯಲ್ಲಿದ್ದ ಕಂದು ಚೂರನ್ನು ಎತ್ತಿ ನೋಡಿ, "ಕೇಕಿನ ಅಂಗಡಿಯವರ ಮನೆಗೆ ಹೋಗ್ತಿದೀಯಾ, ಪುಣ್ಯವಂತೆ ಅಂದ್ರು ನಮ್ಮನೇಲಿ ಎಲ್ರೂ. ಬಂದ ದಿನವೇ ಟೋಪಿ ಹಾಕಿದ್ರಲ್ಲ," ಅಂದಳು. ಅಜ್ಜಿ ಮಾತ್ರ ನಕ್ಕಳು. ಬೇರೆ ಯಾರಿಗೂ ನಗಲು ಪುರಸೊತ್ತಿರಲಿಲ್ಲ.

*

ಡಿಸೆಂಬರಿನ ಮೊದಲ ಭಾನುವಾರ ಊಟಕ್ಕೆ ಕೂತಾಗ ಅಣ್ಣ ಮಾತು ತೆಗೆದ. ಬಟಾಣಿಯ ಬಟ್ಟಲನ್ನು ಎಲ್ಲರ ಕಡೆಗೂ ತಳ್ಳಿ, ಕೊನೆಗೆ ತನ್ನ ಮುಂದೆ ಎಳೆದುಕೊಂಡು ಹೇಳಿದ:

"ಫ್ರಿಜ್ಜಿನೋರು ಹೊಸ ವರ್ಷದ ಒಳಗೆ ಕೂರಿಸಿಕೊಡ್ತಾರಂತೆ. ಗಾಜಿನ ಬಾಗಿಲಿಂದು, ಆಳೆತ್ತರ. ಕ್ರೀಮ್ ಕೇಕು ವಾರಗಟ್ಟಲೆ ಇಡಬಹುದು. ಜಾಗ ತೋರಿಸಿ ಅಂದ್ರು."

"ಜಾಗ ಎಲ್ಲಿದೆಯೋ?" ಅಂದ ಅಪ್ಪ.

"ನನ್ನ ಕೋಣೆ ಬಾಗಿಲನ್ನೇ ನೋಡ್ತಾ ಎಲ್ಲಿದೆ ಅಂತ ಕೇಳ್ತೀಯಲ್ಲ," ಅಂದಳು ಅಜ್ಜಿ. "ಇದೆಯಲ್ಲ ಅಲ್ಲೇ."

ಅಮ್ಮ ಚಮಚವನ್ನು ಪಾತ್ರೆಯೊಳಗೆ ಬಿಟ್ಟಳು. ಅಪ್ಪ ಬ್ರೆಡ್ಡಿನ ತುಂಡನ್ನು ಬೇಕಾದ್ದಕ್ಕಿಂತ ಸಣ್ಣಗೆ ಮುರಿಯತೊಡಗಿದ.

"ಹಾಗಲ್ಲ ಅವ್ವಾ. ಅಕ್ಕನ ಮನೇಲಿ ಮೇಲಿನ ಕೋಣೆ ಖಾಲಿ ಬಿದ್ದಿದೆ. ಅವಳೇ ಎಷ್ಟು ಸಲ ಕರೆದಿದಾಳೆ."

"ಖಾಲಿ ಬಿದ್ದಿರೋದಕ್ಕೆ ಕಾರಣ ಇದೆ. ಅಲ್ಲಿ ಒದ್ದೆ ಬಟ್ಟೇನೇ ಒಣಗಲ್ಲ. ಹಗಲೆಲ್ಲ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗ್ತಾರೆ. ನಾನು ಕಿಟಕಿ ಹತ್ರ ಮಾತಾಡಿಕೊಂಡು ಕೂರಲಾ?"

"ಅಜ್ಜಿ, ಯಾರೂ ನಿಮ್ಮನ್ನ ಓಡಿಸ್ತಿಲ್ಲ," ಅಂದ ಅಣ್ಣ. "ವ್ಯಾಪಾರದ ಮಾತು ಇದು."

"ನಿನ್ನ ಅಪ್ಪನಿಗೆ ವ್ಯಾಪಾರ ಕಲಿಸಿದವಳ ಹತ್ರ ಮಾತಾಡ್ತಿದೀಯಾ, ಮರೀಬೇಡ."

ಅಪ್ಪ ತಟ್ಟೆ ಸರಿಸಿದ. ಅವನಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತದೆ. "ಹೋಗ್ತೀಯೋ ಇಲ್ವೋ, ಒಂದು ಮಾತು ಹೇಳಿಬಿಡು."

ಅಜ್ಜಿ ಬಾಯೊರೆಸಿಕೊಂಡಳು. "ಹೋಗ್ತೀನಿ. ಅದಕ್ಕೆ ಮುಂಚೆ ನನಗೊಂದು ಇಡೀ ಕೇಕು ಮಾಡಿಕೊಡು. ನಮ್ಮ ಒಲೇಲಿ ಬೆಂದದ್ದು. ಟೋಪಿ ತೆಗೀಬಾರದು. ಮೇಲೆ ಏನೂ ಬರೆದಿರಬಾರದು. ಯಾರಿಗೋ ಮಾಡಿ ಉಳಿದದ್ದು ಆಗಬಾರದು. ಕ್ರಿಸ್ಮಸ್ ಮುಗಿಯೋದರೊಳಗೆ ಈ ಮೇಜಿನ ಮೇಲೆ ತಂದಿಡು. ಇಟ್ಟ ದಿನವೇ ಹೊರಡ್ತೀನಿ."

"ಅಷ್ಟೇನಾ!" ಅಂದ ಅಣ್ಣ.

"ಇಡದೇ ಹೋದ್ರೆ?" ಅಂದಳು ಅತ್ತಿಗೆ.

"ಇಡದೇ ಹೋದ್ರೆ ನಾನು ಇಲ್ಲೇ. ಸಾಯೋವರೆಗೂ ಆ ಕೋಣೆ ಸುದ್ದಿ ಯಾರೂ ಎತ್ತಬಾರದು. ಆಮೇಲೆ ಫ್ರಿಜ್ಜಾದ್ರೂ ಇಟ್ಕೊಳ್ಳಿ, ಆನೆನಾದ್ರೂ ಕಟ್ಕೊಳ್ಳಿ."

"ದೇವರಾಣೆ?" ಅಂದ ಅಪ್ಪ.

"ನಿನ್ನಾಣೆ."

ಕ್ರಿಸ್ಮಸ್ ದಿನ ಸೋದರತ್ತೆಯ ಗಂಡ ಹೇಗೂ ಪ್ರತಿವರ್ಷದಂತೆ ಗಾಡಿ ತಂದು ತಮ್ಮ ಆಫೀಸಿನವರಿಗೆಲ್ಲ ಕೇಕು ತುಂಬಿಕೊಂಡು ಹೋಗುತ್ತಾರೆ. ಅಜ್ಜಿಯನ್ನೂ ಅದರಲ್ಲೇ ಕೂರಿಸಿದರಾಯಿತು ಅಂತ ಅಣ್ಣ ಅಲ್ಲೇ ಲೆಕ್ಕ ಹಾಕಿಬಿಟ್ಟ.

ಮಾರನೆಯ ಮಧ್ಯಾಹ್ನ ನಾನು ಅಜ್ಜಿಯ ಕೋಣೆಗೆ ಹೋದೆ. ಅವಳ ಕಥೆಗಳಲ್ಲಿ ಮುದುಕಿಯರು ಹುಲಿಯ ಹಾಲು ಕೇಳುತ್ತಾರೆ, ಏಳು ಸಮುದ್ರದ ಆಚೆಯ ಹೂವು ಕೇಳುತ್ತಾರೆ. ಇವಳು ಕೇಳಿದ್ದು ಒಂದು ಕೇಕು, ಅದೂ ಬೇಕರಿಯವನ ಹತ್ತಿರ.

"ಅಜ್ಜೀ, ಅಪ್ಪನಿಗೆ ಕೇಕು ಮಾಡೋದು ಯಾವ ಕಷ್ಟ? ನಾಳೆ ಬೆಳಗ್ಗೆಯೇ ತಂದಿಡ್ತಾನೆ."

ಆಗ ಅವಳು ರಾಜನ ಕಥೆ ಹೇಳಿದಳು. ಹೇಳಿ, ದ್ರಾಕ್ಷಿಯೊಂದನ್ನು ಬಾಯಿಗೆ ಹಾಕಿಕೊಂಡು, "ಮಾಡೋದು ಕಷ್ಟ ಅಂತ ಯಾರಂದ್ರು? ಮಾಡಿದ್ದನ್ನ ಮಾರದೇ ಇಟ್ಕೊಳ್ಳೋದು ನಿಮ್ಮಪ್ಪನ ಕೈಲಿ ಆಗಲ್ಲ. ಅದೂ ಡಿಸೆಂಬರಿನಲ್ಲಿ! ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ಒಳಗೆ ಒಂದು ಕೇಕು ಸುಮ್ಮನೆ ಕೂತಿದ್ರೆ ಅವನಿಗೆ ಮೈ ತುರಿಸುತ್ತೆ," ಅಂದಳು.

"ಅಷ್ಟು ಖಾತ್ರಿ ಹೇಗೆ?"

"ನಾನೇ ಕಲಿಸಿದ್ದು ಕಣೇ. ಅವನ ಹುಟ್ಟಿದ ಹಬ್ಬಕ್ಕೆ ಅಂತ ಮಾಡಿದ ಕೇಕನ್ನ ಅವನ ಕಣ್ಣೆದುರಿಗೇ ಮಾರಿದೀನಿ. ಒಂದು ಸಲ ಅಲ್ಲ. ಅತ್ತರೆ ಟೋಪಿ ಕೊಡ್ತಿದ್ದೆ."

ಅದನ್ನು ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯಿತ್ತೋ ಇನ್ನೇನಿತ್ತೋ ನನಗೆ ತಿಳಿಯಲಿಲ್ಲ. ಅವಳು ಮತ್ತೆ ಗೋಡೆಗೆ ಒರಗಿದಳು. ಆಚೆ ಬದಿಯಲ್ಲಿ ಅಪ್ಪ ಒಲೆಯ ಬಾಗಿಲು ಹಾಕಿದ ಸದ್ದು ಅವಳ ಬೆನ್ನಿಗೇ ಹಾಕಿದಂತೆ ಕೇಳಿತು.

*

ಮೊದಲ ಕೇಕು ಎರಡನೆಯ ವಾರ ಆಯಿತು. ಅಪ್ಪ ಒಳ್ಳೆಯ ಮನಸ್ಸಿನಿಂದಲೇ ಮಾಡಿದ. ಹಾಗೆ ಹೇಳದಿದ್ದರೆ ತಪ್ಪಾಗುತ್ತದೆ. ಅಜ್ಜಿ ನೆನೆಹಾಕಿದ ಹಣ್ಣನ್ನೇ ಧಾರಾಳವಾಗಿ ಸುರಿದ. ಬೆಂದ ಮೇಲೆ ತಣ್ಣಗಾಗಲಿ ಅಂತ ಬಟ್ಟೆ ಮುಚ್ಚಿ ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲಿಟ್ಟ. "ಸಂಜೆ ಮೇಜಿನ ಮೇಲಿಡ್ತೀನಿ. ಯಾರೂ ಮುಟ್ಟಬೇಡಿ," ಅಂದ.

ಮಧ್ಯಾಹ್ನ ಹಲ್ಲಿನ ಡಾಕ್ಟರು ಬಂದರು. ಊರಿನ ಮಕ್ಕಳಿಗೆಲ್ಲ ಸಿಹಿ ತಿನ್ನಬೇಡಿ ಅಂತ ಗದರಿಸುವ ಮನುಷ್ಯ ಬೆವರೊರೆಸಿಕೊಳ್ಳುತ್ತ, "ಆರ್ಡರ್ ಕೊಡೋಕೆ ಮರೆತುಬಿಟ್ಟೆ. ಅತ್ತೆ ಮಾವ ಬಂದು ಕೂತಿದಾರೆ. ಬರಿಗೈಲಿ ಹೋದ್ರೆ ನನ್ನ ಹಲ್ಲು ಉಳಿಯಲ್ಲ. ಯಾವುದಾದ್ರೂ ಸರಿ, ಒಂದು ಕೊಡಿ," ಅಂದರು.

"ಒಂದೂ ಇಲ್ಲವಲ್ಲ ಡಾಕ್ಟ್ರೇ. ಇರೋದೆಲ್ಲ ಹೇಳಿಟ್ಟಿದ್ದು," ಅಂದ ಅಪ್ಪ. ಅಂದವನು ಒಳಗೆ ಮೇಲಿನ ಹಲಗೆ ನೋಡಿದ. ಅಣ್ಣ ಅಪ್ಪನನ್ನು ನೋಡಿದ. ಡಾಕ್ಟರು ಇಬ್ಬರನ್ನೂ ನೋಡಿ, ಜೇಬಿಗೆ ಕೈ ಹಾಕಿದರು.

"ಅವ್ವನಿಗೇನು, ನಾಳೆ ಮಾಡಿದರಾಯ್ತು," ಅಂದ ಅಪ್ಪ, ಯಾರಿಗೂ ಅಲ್ಲದ ಹಾಗೆ.

ಅಮ್ಮ ಟೋಪಿ ತೆಗೆದು ಹೊದಿಕೆ ಹಾಕಿದ್ದೂ ಆಯಿತು. ಕೇಕು ನನ್ನ ಮುಂದೆ ಬಂತು. ನಾನು ಕೋನನ್ನು ಕೆಳಗಿಟ್ಟೆ. "ಇದು ಅಜ್ಜೀದು. ನಾನು ಬರೆಯಲ್ಲ."

"ಅಜ್ಜೀದು ಅಂತ ಅದರ ಹಣೇಲಿ ಬರೆದಿದೆಯಾ?"

"ಬರೀಬಾರದು ಅಂದಿದ್ದರಿಂದಲೇ ಬರೆದಿಲ್ಲ."

ಅಪ್ಪನ ಕಿವಿ ಕೆಂಪಾಯಿತು. ಕೋನನ್ನು ತಾನೇ ಎತ್ತಿಕೊಂಡ. ರೊಟ್ಟಿ ತಟ್ಟುವ ಆ ದಪ್ಪ ಬೆರಳುಗಳು ಹಿಸುಕಿದ್ದಕ್ಕೆ ಅಕ್ಷರಗಳು ಕುಡಿದು ಬಂದವರ ಹಾಗೆ ಒಂದರ ಮೇಲೊಂದು ಬಿದ್ದವು. ಡಾಕ್ಟರಿಗೆ ಬಹಳ ಖುಷಿಯಾಯಿತು. "ಥೇಟ್ ಮನೇಲೇ ಮಾಡಿದ ಹಾಗಿದೆ," ಅಂತ ಹೊಗಳಿ ಹೋದರು.

ಸಂಜೆ ಮೇಜಿನ ಮೇಲೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಆಮೇಲೆ ಅದೇ ಕೇಕಿನ ಟೋಪಿ. ಅಜ್ಜಿ ಎರಡು ಸಲ ಬಡಿಸಿಕೊಂಡಳು.

"ಇವತ್ತು ಅಡುಗೆ ಬಹಳ ಚೆನ್ನಾಗಿದೆ," ಅಂದಳು.

"ನಾನು ಈ ಮನೆಗೆ ಬಂದಾಗಿನಿಂದ ಇದೇ ಮೊದಲನೇ ಸಲ ಕೇಳ್ತಿರೋದು," ಅಂದಳು ಅಮ್ಮ. "ಜ್ವರ ಗಿರ ಇಲ್ಲ ತಾನೇ ಅತ್ತೆ?"

ಅತ್ತಿಗೆ ಮಾತ್ರ ಊಟ ಮಾಡಲಿಲ್ಲ. ಅವಳಿಗೆ ಅಜ್ಜಿಯ ಲೆಕ್ಕಾಚಾರ ಗೊತ್ತಿರಲಿಲ್ಲ. ಅವಳ ಮಟ್ಟಿಗೆ ಅಜ್ಜಿ ಮಗಳ ಮನೆಗೆ ಹೊರಡಲು ಮನಸಾರೆ ಒಪ್ಪಿಯಾಗಿತ್ತು, ಕೇಕು ಹಲ್ಲಿಲ್ಲದ ಮುದುಕಿಯೊಬ್ಬಳ ಕೊನೆಯ ಆಸೆ. "ನಾಚಿಕೆ ಆಗಲ್ವಾ ನಿಮಗೆಲ್ಲ?" ಅಂದಳು. "ಹೆತ್ತವಳು ಬಾಯಿಬಿಟ್ಟು ಒಂದು ಕೇಕು ಕೇಳಿದಾಳೆ. ಅದನ್ನೂ ಮಾರ್ಕೊಂಡ್ರಿ."

"ನೀನು ಸುಮ್ನಿರು, ನಿನಗೆ ಅಂಗಡಿ ಕಷ್ಟ ಗೊತ್ತಿಲ್ಲ," ಅಂದ ಅಣ್ಣ.

"ಅಂಗಡಿ ಗೊತ್ತಿಲ್ಲ, ಮನುಷ್ಯತ್ವ ಗೊತ್ತಿದೆ. ಅಜ್ಜಿ, ನೀವೇನೂ ಬೇಜಾರು ಮಾಡ್ಕೋಬೇಡಿ. ಮುಂದಿನ ಸಲ ನಾನೇ ಕಾವಲು ನಿಂತು ಮಾಡಿಸ್ತೀನಿ."

ಅಜ್ಜಿಯ ಬಾಯಲ್ಲಿದ್ದ ಆಲೂಗಡ್ಡೆ ಅಲ್ಲೇ ನಿಂತಿತು. "ನಿನಗ್ಯಾಕಮ್ಮ ತೊಂದರೆ," ಅಂದಳು.

*

ಅತ್ತಿಗೆ ಹೇಳಿದಂತೆಯೇ ಮಾಡಿದಳು. ಕ್ರಿಸ್ಮಸ್ಸಿಗೆ ಕೆಲವೇ ದಿನ ಉಳಿದಿದ್ದಾಗ ಅಪ್ಪನನ್ನು ಪೀಡಿಸಿ ಎರಡನೆಯ ಕೇಕು ಮಾಡಿಸಿದಳು. ಬೆಳಗಿನಿಂದ ಅದರ ಮುಂದೆ ಸ್ಟೂಲು ಹಾಕಿಕೊಂಡು ಬಟಾಣಿ ಸುಲಿಯುತ್ತ ಕೂತಳು. ಅಣ್ಣ ಹತ್ತಿರ ಬಂದರೆ ಬಟಾಣಿ ಎಸೆಯುತ್ತಿದ್ದಳು. ನನಗೆ ಅವಳನ್ನು ಕರೆದು ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಅಜ್ಜಿಯ ಪರವಾಗಿ ಈ ಮನೆಯಲ್ಲಿ ನಿಜವಾಗಿ ಜಗಳವಾಡಿದವಳು ಅವಳೊಬ್ಬಳೇ, ಅವಳೇ ಈಗ ಅಜ್ಜಿಯ ಗಂಟುಮೂಟೆ ಕಟ್ಟುತ್ತಿದ್ದಳು. ಆದರೆ ಅತ್ತಿಗೆಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಹೇಳಿದರೆ ಆ ಹೊತ್ತಿಗೇ ಅಣ್ಣನಿಗೆ ತಲುಪುತ್ತಿತ್ತು.

ಹನ್ನೊಂದರ ಹೊತ್ತಿಗೆ ಅಂಗಡಿಯಲ್ಲಿ ಜನ ಮುಗಿಬಿದ್ದರು. ಮನೆಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹಾಡುವವರ ಗುಂಪೊಂದು ಬಂದು ಬಾಗಿಲಲ್ಲಿ ನಿಂತು ಶಾಂತಿಯ ಹಾಡು ಶುರುಮಾಡಿತು. ಬಾಗಿಲಿಗೆ ಅಡ್ಡವಾಯಿತು ಅಂತ ಅಣ್ಣ ಅವರಿಗೆಲ್ಲ ಒಂದೊಂದು ಬನ್ನು ಕೊಟ್ಟು, ಎರಡನೆಯ ಚರಣಕ್ಕೆ ಮುಂಚೆ ಪಕ್ಕದ ಕನ್ನಡಕದ ಅಂಗಡಿಗೆ ಸಾಗಹಾಕಿದ. ಕೈ ಸಾಲದೆ ಅತ್ತಿಗೆಯನ್ನು ಕೂಗಿದ. ಅವಳು ಎದ್ದು ಹೋಗಿ ಡಬ್ಬಗಳಿಗೆ ದಾರ ಕಟ್ಟಿಕೊಟ್ಟು ವಾಪಸು ಬರುವುದರೊಳಗೆ ಅಮ್ಮ ಕೇಕಿನ ಟೋಪಿಯನ್ನು ಸವರಿ ತಟ್ಟೆಗೆ ಹಾಕಿದ್ದಳು.

"ಅತ್ತೇ!" ಅತ್ತಿಗೆಯ ಕೂಗಿಗೆ ಅಂಗಡಿಯಲ್ಲಿದ್ದವರೆಲ್ಲ ಒಳಗೆ ಬಗ್ಗಿ ನೋಡಿದರು. "ಬೆಳಗ್ಗೆಯಿಂದ ನಾನು ಹೇಳ್ತಿದ್ದಿದ್ದೇನು? ನೀವು ಮಾಡಿದ್ದೇನು?"

ಅಮ್ಮ ಚಾಕುವನ್ನು ನೋಡಿಕೊಂಡಳು. "ಅಯ್ಯೋ. ಮುಂದೆ ಇತ್ತು, ಸವರಿಬಿಟ್ಟೆ. ಮದುವೆಯಾದಾಗಿನಿಂದ ಇದೇ ಕೆಲಸ. ಈ ಕೈ ಈಗ ನನ್ನ ಮಾತು ಕೇಳುತ್ತಾ?"

"ಕಣ್ಣು ಎಲ್ಲಿತ್ತು?"

"ಕಣ್ಣು ನಿನ್ನ ಬಟಾಣಿ ಎಲ್ಲೆಲ್ಲಿ ಬಿದ್ದಿದೆ ಅಂತ ನೋಡ್ತಿತ್ತು. ಗುಡಿಸೋಳು ನಾನಲ್ವಾ?"

ಅಪ್ಪ ಬಂದು ನೋಡಿ, ಹಣೆ ಚಚ್ಚಿಕೊಂಡು, ಸಮವಾಗಿದೆ ಅಂದಮೇಲೆ ಹೊದಿಕೆ ಹಾಕಿ ಮಾರಿಬಿಡಿ ಅಂದ. ಅದೂ ಮಾರಿಹೋಯಿತು.

ಸಂಜೆ ನಾನು ಚಹಾ ತೆಗೆದುಕೊಂಡು ಹೋದಾಗ ಅಜ್ಜಿ ಮತ್ತು ಅಮ್ಮ ಇಬ್ಬರೂ ಬೆಚ್ಚಗಿನ ಗೋಡೆಗೆ ಒರಗಿ ಹಾಸಿಗೆಯ ಮೇಲೆ ಕೂತಿದ್ದರು. ನಡುವೆ ಆ ಟೋಪಿಯ ತಟ್ಟೆ. ಅವರಿಬ್ಬರೂ ಒಟ್ಟಿಗೆ ಕೂತದ್ದನ್ನು ನಾನು ಜಗಳದ ಹೊತ್ತಿನಲ್ಲಿ ಬಿಟ್ಟರೆ ನೋಡಿರಲಿಲ್ಲ.

"ಚೂರು ಹಾಸಿಗೆ ಮೇಲೆ ಬೀಳಿಸಬೇಡಿ ಅತ್ತೆ."

"ಹಾಸಿಗೆ ನನ್ನದು."

"ಒಗೆಯೋಳು ನಾನು."

"ಹಾಗಿದ್ರೆ ನನ್ನನ್ನ ಕಳಿಸಿಬಿಡು, ಒಗೆಯೋದು ತಪ್ಪುತ್ತೆ. ಇವತ್ತು ಚಾಕು ಯಾಕೆ ಹಾಕಿದೆ?"

"ಕೈತಪ್ಪಿ ಅಂದೆನಲ್ಲ." ಅಮ್ಮ ತಟ್ಟೆಯಲ್ಲಿದ್ದ ಹಣ್ಣಿನ ಚೂರನ್ನು ಅಜ್ಜಿಯ ಕಡೆಗೆ ಬೆರಳಿನಿಂದ ತಳ್ಳಿದಳು. "ಅಲ್ಲಿ ಹೋಗಿ ಮಗಳ ಹತ್ರ ಹೀಗೆ ಮಾತಾಡಿ ನೋಡಿ, ಒಂದು ದಿನ ಸಹಿಸ್ತಾಳಾ ಅಂತ."

"ಅದಕ್ಕೇ ಹೋಗ್ತಿಲ್ಲ," ಅಂದಳು ಅಜ್ಜಿ.

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಗೆಲ್ಲುತ್ತಿರುವವರಿಗೆ ಬಾಯಿ ಕಟ್ಟುವುದು ಕಷ್ಟ. ಕ್ರಿಸ್ಮಸ್ಸಿನ ಹಿಂದಿನ ದಿನ ಎಲ್ಲರೂ ನಿಂತುಕೊಂಡೇ ಬ್ರೆಡ್ಡು ನುಂಗುತ್ತಿದ್ದಾಗ ಅಜ್ಜಿ ಅಣ್ಣನಿಗೆ ಹೇಳಿದಳು: "ನನ್ನ ಕೋಣೆ ಕಿಟಕಿ ಚಿಲಕ ಸಡಿಲ ಆಗಿದೆ ಕಣೋ. ಹಬ್ಬ ಮುಗಿದ ಮೇಲೆ ಬಡಗಿಯನ್ನ ಕರೆಸು. ಮುಂದಿನ ಚಳಿಗಾಲಕ್ಕೆ ಬೇಕಾಗುತ್ತೆ."

ಹಿಟ್ಟು ಜರಡಿ ಹಿಡಿಯುತ್ತಿದ್ದ ಅಪ್ಪ ಕೈ ನಿಲ್ಲಿಸಿದ. ಜರಡಿಯನ್ನು ಕೆಳಗಿಟ್ಟು ತಾಯಿಯ ಮುಖವನ್ನೇ ನೋಡಿದ. ಅಷ್ಟು ಹೊತ್ತು ಅವನು ಒಬ್ಬರ ಮುಖ ನೋಡಿದ್ದು ಆ ತಿಂಗಳಲ್ಲಿ ಅದೇ ಮೊದಲು. ಆಮೇಲೆ ಮತ್ತೆ ಜರಡಿ ಹಿಡಿದ. ಅವನ ಕಿವಿ ಕೆಂಪಾಗಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

*

ಕ್ರಿಸ್ಮಸ್ ಬೆಳಗ್ಗೆ ನಮ್ಮ ಒಲೆ ತಣ್ಣಗಿರುತ್ತದೆ. ಬೇಯಿಸಬೇಕಾದ್ದೆಲ್ಲ ಹಿಂದಿನ ದಿನವೇ ಬೆಂದಿರುತ್ತದೆ. ಆ ದಿನ ಮಾರುವ ಕೆಲಸ ಮಾತ್ರ. ಮರೆತವರು, ಎದ್ದದ್ದು ತಡವಾದವರು, ನೆಂಟರು ಹೇಳದೇ ಬಂದಿಳಿದವರು ಎಲ್ಲ ಬಾಗಿಲಿಗೆ ಬರುವ ದಿನ ಅದು. ವರ್ಷದಲ್ಲಿ ಅಷ್ಟು ವ್ಯಾಪಾರದ ದಿನ ಇನ್ನೊಂದಿಲ್ಲ.

ನಾನು ಅಜ್ಜಿಗೆ ಶುಭಾಶಯ ಹೇಳಲು ಹೋದಾಗ ಅವಳು ಗೋಡೆಗೆ ಅಂಗೈ ಒತ್ತಿಕೊಂಡು ನಿಂತಿದ್ದಳು.

"ಇಲ್ಲಿ ಕೈಯಿಡು," ಅಂದಳು.

ಇಟ್ಟೆ. ಗೋಡೆ ಬೆಚ್ಚಗಿತ್ತು.

"ಯಾರೇ ಒಲೆ ಹಚ್ಚಿದ್ದು?" ಅಂತ ಕೇಳಿದಳು, ಉತ್ತರ ಗೊತ್ತಿದ್ದ ದನಿಯಲ್ಲಿ.

ಒಲೆಮನೆಯಲ್ಲಿ ಅಪ್ಪ ಒಲೆಯ ಮುಂದೆ ನಿಂತಿದ್ದ. ಅಂಗಡಿಯ ಶಟರ್ ಇಳಿದಿತ್ತು. ಹೊರಗೆ ಗಿರಾಕಿಗಳು ಶಟರ್ ಬಡಿಯುತ್ತಿದ್ದರು. ಒಳಗೆ ಅಣ್ಣ ಅಪ್ಪನ ಹಿಂದೆ ಮುಂದೆ ಓಡಾಡುತ್ತಿದ್ದ.

"ಅಪ್ಪಾ, ಬೀದಿ ತುದೀವರೆಗೂ ಜನ ನಿಂತಿದಾರೆ! ತಲೆ ಕೆಟ್ಟಿದೆಯಾ ನಿಮಗೆ?"

"ಇವತ್ತು ಅಂಗಡಿ ಇಲ್ಲ."

"ಕ್ರಿಸ್ಮಸ್ ದಿನ ಅಂಗಡಿ ಇಲ್ಲ ಅಂದ್ರೆ?"

"ತೆಗೆದ್ರೆ ಇದೂ ಹೋಗುತ್ತೆ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ, ನಿನ್ನ ಮೇಲೆ ಮೊದಲೇ ಇಲ್ಲ. ಫ್ರಿಜ್ಜು ಬೇಕೋ ಬೇಡವೋ ನಿನಗೆ?"

ಅಣ್ಣ ಹೋಗಿ ಶಟರಿನ ಚಿಲಕ ಭದ್ರ ಮಾಡಿ ಬಂದ. ಅಮ್ಮ ಬಾಗಿಲಲ್ಲಿ ನಿಂತು, ಸೆರಗಿನಿಂದ ಒಣಗಿದ ಕೈಯನ್ನೇ ಒರೆಸಿಕೊಳ್ಳುತ್ತಿದ್ದಳು. "ಇವತ್ತೊಂದು ದಿನ ಕಳೆದಿದ್ರೆ ಮುಗೀತಿತ್ತು. ಬಿಟ್ಟುಬಿಡಬಾರದಾ?" ಅಂದಳು. ಅಪ್ಪ ಉದ್ದನೆಯ ಚಾಕುವನ್ನು ಅವಳ ಕೈಗೆ ಸಿಗದ ಹಾಗೆ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡಿದ್ದ.

ಮಧ್ಯಾಹ್ನ ಮಾವನ ಗಾಡಿ ಬಂದು ನಿಂತಿತು. ಮಾವ ತಮ್ಮ ಆಫೀಸಿನ ಡಬ್ಬಗಳನ್ನು ಹಿಂದಿನ ಬಾಗಿಲಿನಿಂದ ಒಂದೊಂದಾಗಿ ಒಯ್ಯುತ್ತಿರುವಾಗ ಅಪ್ಪ ಕೇಕನ್ನು ತಂದು ಊಟದ ಮೇಜಿನ ನಡುವೆ ಇಟ್ಟ.

ನಾವೆಲ್ಲ ಅದನ್ನು ಸುತ್ತುವರಿದು ನಿಂತೆವು. ಕಂದು ಬಣ್ಣದ ಗುಂಡನೆ ಗುಡ್ಡ, ನೆತ್ತಿಯ ಮೇಲೆ ಒಂದು ಬಿರುಕು, ಬಿರುಕಿನೊಳಗಿನಿಂದ ಇನ್ನೂ ಸಣ್ಣಗೆ ಹಬೆ. ಇಷ್ಟು ವರ್ಷ ಕೇಕಿನ ಮನೆಯಲ್ಲಿದ್ದೂ ನಮ್ಮ ಮೇಜಿನ ಮೇಲೆ ಟೋಪಿ ಹೊತ್ತ ಕೇಕು ಹೇಗೆ ಕಾಣುತ್ತದೆಂದು ನಮಗೆ ಗೊತ್ತಿರಲಿಲ್ಲ. ಅತ್ತಿಗೆ ಚಪ್ಪಾಳೆ ತಟ್ಟಿದಳು. "ಕೊನೆಗೂ! ನೋಡಿ ಅಜ್ಜಿ, ನಿಮ್ಮ ಮಗ ಮಾತು ಉಳಿಸಿಕೊಂಡ್ರು!" ಅಂದು, ಕಪಾಟಿನಿಂದ ಒಳ್ಳೆಯ ತಟ್ಟೆಗಳನ್ನು ತೆಗೆದು ಹೊತ್ತುಕೊಂಡು ಬಂದಳು.

"ನಮ್ಮ ಒಲೇಲೇ ಬೆಂದದ್ದು," ಅಂದ ಅಪ್ಪ. "ಟೋಪಿ ಇದೆ. ಏನೂ ಬರೆದಿಲ್ಲ. ಯಾರಿಗೋ ಮಾಡಿ ಉಳಿದದ್ದಲ್ಲ."

"ಅಂಗಡಿ ಮುಚ್ಚಿದ್ಯಾ?" ಅಂದಳು ಅಜ್ಜಿ.

"ಮುಚ್ಚಿದೆ."

"ನಿಮ್ಮಪ್ಪ ಹೋದ ದಿನಾನೂ ಸಂಜೆಗೆ ತೆಗೆದಿದ್ದೆ ನೀನು."

"ತೆಗಿ ಅಂದವಳು ನೀನು."

"ಹೌದು. ನಾನೇ." ಅವಳು ಕೇಕಿನ ಮೇಲಿಂದ ಕಣ್ಣು ತೆಗೆಯಲಿಲ್ಲ. "ನನಗೋಸ್ಕರ ಮುಚ್ಚಲಿಲ್ಲ. ನನ್ನನ್ನ ಕಳಿಸೋಕೆ ಮುಚ್ಚಿದೆ. ಆದರೂ ಮುಚ್ಚಿದೆಯಲ್ಲ. ಆಯ್ತು."

ಆಗ ಅಣ್ಣ ಅಜ್ಜಿಯ ಕೋಣೆಯಿಂದ ಅವಳ ಹಾಸಿಗೆಯ ಸುರುಳಿಯನ್ನೂ ಬಟ್ಟೆಯ ಚೀಲವನ್ನೂ ಹೊತ್ತುಕೊಂಡು ಹೊರಗೆ ಬಂದ. ಚೀಲ ಯಾವಾಗ ತುಂಬಿದ್ದನೋ. ಅತ್ತಿಗೆ ಅವನನ್ನು ನೋಡಿದಳು, ಕೇಕನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಕೈಯಲ್ಲಿದ್ದ ತಟ್ಟೆಗಳನ್ನು ಮೇಜಿನ ಮೇಲಿಟ್ಟಳು.

"ಅಜ್ಜಿ... ನಿಮಗೆ ಇದು ಬೇಕಾಗಿರಲಿಲ್ವಾ?"

"ನೀನು ಒಳ್ಳೇ ಹುಡುಗಿ ಕಣಮ್ಮ," ಅಂದಳು ಅಜ್ಜಿ. "ಈ ಮನೇಲಿ ಸ್ವಲ್ಪ ಕಮ್ಮಿ ಒಳ್ಳೆಯವಳಾಗಿರು."

ಅಪ್ಪ ಸೊಂಟದಿಂದ ಚಾಕು ತೆಗೆದು ಹಿಡಿಯ ಕಡೆಯಿಂದ ಅವಳಿಗೆ ಚಾಚಿದ. "ಕತ್ತರಿಸವ್ವಾ. ಎಲ್ರೂ ಒಟ್ಟಿಗೆ ತಿನ್ನೋಣ. ಹಬ್ಬ."

ಅಜ್ಜಿ ಚಾಕು ಮುಟ್ಟಲಿಲ್ಲ. ನನ್ನ ಕಡೆ ತಿರುಗಿ, "ಒಂದು ಡಬ್ಬ ತಗೊಂಡು ಬಾ," ಅಂದಳು.

"ಡಬ್ಬ ಯಾಕೆ?" ಅಂದ ಅಪ್ಪ.

"ನಾನು ಕೇಳಿದ್ದು ಇಡೀದು. ಕತ್ತರಿಸಿದ ಮೇಲೆ ಅದೂ ಚೂರೇ ತಾನೇ? ಚೂರು ಬೇಕಾದಷ್ಟು ತಿಂದಿದೀನಿ."

ನಾನು ಡಬ್ಬ ತಂದೆ. ಅಮ್ಮ ಎರಡೂ ಕೈಯಿಂದ ಕೇಕನ್ನು ಎತ್ತಿ ಅದರೊಳಗೆ ಇಳಿಸಿದಳು. ಮುಚ್ಚಳ ಹಾಕಲು ಹೋದರೆ ಕೂರಲಿಲ್ಲ. ನಮ್ಮ ಡಬ್ಬಗಳೆಲ್ಲ ಸವರಿದ ಕೇಕಿನ ಎತ್ತರಕ್ಕೆ ಮಾಡಿಸಿದವು. ಟೋಪಿಯಿರುವ ಕೇಕು ಈ ಮನೆಯಿಂದ ಹೊರಗೆ ಹೋಗಬಹುದು ಅಂತ ಯಾರೂ ಯಾವತ್ತೂ ಯೋಚಿಸಿರಲಿಲ್ಲ. ಅಪ್ಪ, ಮುಚ್ಚಳ ಏಳುವುದನ್ನು ನೋಡಿದವನೇ, ಯೋಚನೆಯಿಲ್ಲದೆ ಚಾಕುವನ್ನು ಅಡ್ಡ ಹಿಡಿದು ಬಗ್ಗಿದ. ಅಜ್ಜಿ ಅವನ ಮಣಿಕಟ್ಟು ಹಿಡಿದಳು. ಅವಳ ಬೆರಳುಗಳು ಅಷ್ಟು ಗಟ್ಟಿಯಾಗಿವೆ ಅಂತ ನನಗೆ ಗೊತ್ತಿರಲಿಲ್ಲ.

"ದಾರ ಕಟ್ಟು," ಅಂದಳು ನನಗೆ. "ಮುಚ್ಚಳ ತೆರೆದೇ ಇರಲಿ."

ಕಟ್ಟಿದೆ. ಅಪ್ಪ ಚಾಕು ಹಿಡಿದ ಕೈಯನ್ನು ಕೆಳಗೆ ಬಿಟ್ಟುಕೊಂಡು ನಿಂತಿದ್ದ. ಬಾಗಿಲವರೆಗೆ ಹೋದ ತಾಯಿಯ ಬೆನ್ನಿಗೆ, "ನನಗೂ ನೀನು ಯಾವತ್ತೂ ಒಂದು ಇಡೀ ಕೇಕು ಕೊಟ್ಟಿಲ್ಲ ಅವ್ವಾ," ಅಂದ. ತಲೆ ನರೆತ ಗಂಡಸು ಹೇಳುವ ದನಿಯಾಗಿರಲಿಲ್ಲ ಅದು.

ಅಜ್ಜಿ ನಿಂತಳು. ತಿರುಗಲಿಲ್ಲ.

"ಕೊಟ್ಟಿಲ್ಲ," ಅಂದಳು. "ಫ್ರಿಜ್ಜು ಬಂದ ಮೇಲೆ ಒಂದು ಎತ್ತಿಟ್ಕೋ. ವಾರಗಟ್ಟಲೆ ಕೆಡಲ್ಲವಂತೆ."

ಶಟರ್ ಬಡಿಯುವವರು ಅಷ್ಟು ಹೊತ್ತಿಗೆ ಸುಸ್ತಾಗಿ ಬೇರೆ ಅಂಗಡಿಗೆ ಹೋಗಿದ್ದರು. ಬೀದಿಯಲ್ಲಿ ನಮ್ಮ ನಕ್ಷತ್ರ ಹಗಲು ಹೊತ್ತಿನಲ್ಲೇ ಉರಿಯುತ್ತಿತ್ತು, ಆರಿಸಲು ಯಾರಿಗೂ ನೆನಪಾಗಿರಲಿಲ್ಲ. ಅಮ್ಮ ಅಜ್ಜಿಯ ಶಾಲನ್ನು ಕುತ್ತಿಗೆಯವರೆಗೆ ಎಳೆದು, "ಅಲ್ಲಿ ಒದ್ದೆ ಬಟ್ಟೆ ಹಾಕ್ಕೋಬೇಡಿ. ಒಣಗಿದೆಯಾ ಅಂತ ಮೂಸಿ ನೋಡಿ ಹಾಕ್ಕೊಳ್ಳಿ," ಅಂದಳು. "ಗೊತ್ತು, ನನಗೇನು ಹೇಳಿಕೊಡ್ತೀಯಾ," ಅಂದಳು ಅಜ್ಜಿ. ಅದೇ ಅವರ ಬೀಳ್ಕೊಡುಗೆ.

ಗಾಡಿಯಲ್ಲಿ ಕೂತ ಮೇಲೆ ಮಾವ, "ಡಬ್ಬ ಹಿಂದೆ ಇಡ್ತೀನಿ ಕೊಡಿ ಅತ್ತೆ, ತೊಡೆ ಮೇಲೆ ಭಾರ ಆಗುತ್ತೆ," ಅಂದರು.

"ಬೇಡ," ಅಂದಳು ಅಜ್ಜಿ. ಡಬ್ಬದ ಅಡಿಗೆ ಎರಡೂ ಅಂಗೈ ಹಾಕಿಕೊಂಡಿದ್ದಳು, ಬೆಳಗ್ಗೆ ಗೋಡೆಗೆ ಒತ್ತಿದ್ದ ಹಾಗೆಯೇ. "ಇನ್ನೂ ಬಿಸಿ ಇದೆ."

ಗಾಡಿ ಕನ್ನಡಕದ ಅಂಗಡಿ ದಾಟಿ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಕೈ ತೆಗೆಯಲಿಲ್ಲ, ಬೀಸಲೂ ಇಲ್ಲ.